ಸೈಲೆನ್ಸರ್ ಹುಚ್ಚಣ್ಣನವರ ಸಾಂಬ್ರಾಣಿ

ಹುಚ್ಚಣ್ಣನವರ ಶೆಡ್ಡಿಗೆ ನಾನು ಮೊದಲ ಸಲ ಹೋದದ್ದು ಜಗಳ ಆಡಲು. ಇದನ್ನು ಮುಚ್ಚಿಟ್ಟು ಏನೂ ಆಗಬೇಕಾಗಿಲ್ಲ. ನನ್ನ ಹೆಸರು ಚಂದ್ರಮತಿ, ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು. ಕೆಲಸದಿಂದ ನಿವೃತ್ತಿಯಾಗಿ ನಾಲ್ಕು ವರ್ಷವಾಯಿತು, ಬಾಯಿಗೆ ಇನ್ನೂ ನಿವೃತ್ತಿ ಆಗಿಲ್ಲ ಎಂದು ಚಾಮರಾಜಪುರಂನ ನಮ್ಮ ಬೀದಿಯವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

ಹೂಟಗಳ್ಳಿಯ ಕಾರ್ಖಾನೆಯಲ್ಲಿ ಕೆಲಸ ಮಾಡುವ ನನ್ನ ಮಗ ರಾಜೇಶ್ ಹೋದ ವರ್ಷ ಒಂದು ಹಳೇ ಕಾರು ಕೊಂಡ. ಹನ್ನೊಂದು ವರ್ಷ ಓಡಿದ್ದರೂ ಗಟ್ಟಿಮುಟ್ಟಾಗಿತ್ತು. ಅವನಿಗೆ ಹಿಡಿಸದಿದ್ದದ್ದು ಅದರ ದನಿ. "ಹೊಲಿಗೆ ಮಿಷನ್ ಥರ ಸದ್ದು ಮಾಡುತ್ತಮ್ಮ, ನಾಚಿಕೆ ಆಗುತ್ತೆ" ಎಂದು ಕೊರಗುತ್ತಿದ್ದ. ಒಂದು ದಿನ ಮನೆಗೆ ಉದ್ದದ ರಟ್ಟಿನ ಪೆಟ್ಟಿಗೆ ಬಂತು. ಒಳಗೆ ಎರಡು ಬಾಯಿಯ, ಹೊಸ ಪಾತ್ರೆಯಂತೆ ಹೊಳೆಯುವ ಸ್ಟೀಲ್ ಸೈಲೆನ್ಸರ್. ಅದನ್ನು ಹಾಕಿಸಿದರೆ ಕಾರು ಗುಡುಗುತ್ತದಂತೆ. ಮನೆಯಲ್ಲಿ ಒಂದು ವರ್ಷ ಎರಡು ತಿಂಗಳ ಮೊಮ್ಮಗಳು ತೇಜಸ್ವಿನಿ ಇದ್ದಾಳೆ, ಅವಳನ್ನು ಮಲಗಿಸುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಗುತ್ತದೆ, ಇವನಿಗೆ ಗುಡುಗು ಬೇಕು! ಇದನ್ನು ಜೋಡಿಸಿಕೊಡುವ ಮಹಾನುಭಾವ ಯಾರು ನೋಡಿಯೇ ಬಿಡೋಣ ಎಂದು ನಾನೂ ಕಾರು ಹತ್ತಿದೆ.

ವಿದ್ಯಾರಣ್ಯಪುರಂನ ಒಂದು ಅಡ್ಡರಸ್ತೆಯ ಕೊನೆಯಲ್ಲಿ ತಗಡಿನ ಶೆಡ್ಡು. ಗೋಡೆಯ ಮೇಲೆ ಬಗೆಬಗೆಯಾಗಿ ಬಾಗಿಸಿದ ಪೈಪುಗಳು. ಅರವತ್ತರ ಆಸುಪಾಸಿನ ಕುಳ್ಳ ಮನುಷ್ಯ, ಖಾಕಿ ಚಡ್ಡಿ, ಹಣೆಯ ಮೇಲೆ ವಿಭೂತಿ, ಅದರ ಮೇಲಕ್ಕೆ ಏರಿಸಿದ ವೆಲ್ಡಿಂಗ್ ಕನ್ನಡಕ. ರಾಜೇಶ ಪೆಟ್ಟಿಗೆ ತೋರಿಸಿ ತನ್ನ ಗುಡುಗಿನ ಪುರಾಣ ಶುರುಮಾಡಿದ. ಆ ಮನುಷ್ಯ ಪೆಟ್ಟಿಗೆ ಕಡೆ ನೋಡಲೇ ಇಲ್ಲ.

"ಹಿಂದ್ಗಡೆ ಸೀಟಲ್ಲಿ ಯಾರು ಕೂತ್ಕತಾರೆ?" ಎಂದು ಕೇಳಿದರು.

"ನಾನು. ಮತ್ತೆ ನನ್ನ ಮಡಿಲಲ್ಲಿ ಮಗು" ಎಂದೆ ನಾನು, ಜಗಳದ ದನಿಯಲ್ಲೇ.

"ಮುಂದ್ಗಡೆ?"

"ನನ್ನ ಸೊಸೆ ಭವ್ಯಶ್ರೀ. ಅವಳಿಗೆ ಹಿಂದೆ ಕೂತರೆ ವಾಂತಿ."

ಅವರು ತಲೆಯಾಡಿಸಿ ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ 'ಅಜ್ಜಿ, ಮಗು' ಎಂದು ಬರೆದುಕೊಂಡರು. ಕಾರಿನ ನಂಬರೂ ಅಲ್ಲ, ಮಗನ ಹೆಸರೂ ಅಲ್ಲ. ನನಗೆ ಜಗಳ ಮರೆತೇಹೋಯಿತು. ಸೈಲೆನ್ಸರಿಗೂ ಹಿಂದಿನ ಸೀಟಿಗೂ ಎಲ್ಲಿಯ ಸಂಬಂಧ? ತಲೆಯಲ್ಲಿ ಪ್ರಶ್ನೆಯೊಂದು ಹೊಕ್ಕರೆ ಉತ್ತರ ಸಿಗುವ ತನಕ ನನಗೆ ಅನ್ನ ಸೇರುವುದಿಲ್ಲ.

ಆಮೇಲೆ ಹುಚ್ಚಣ್ಣನವರು ಪೆಟ್ಟಿಗೆಯ ಸೈಲೆನ್ಸರನ್ನು ಎತ್ತಿ ಅದರ ಬಾಯಿಗೆ ಕಣ್ಣಿಟ್ಟು ನೋಡಿದರು. "ಖಾಲಿ ಡಬ್ಬ ಕಣಪ್ಪ ಇದು. ಇದು ಗುಡುಗಲ್ಲ, ಒದರ್ತದೆ. ಪೊಲೀಸ್ನೋರು ಕಿತ್ತಾಕಿ ರೋಡ್ ರೋಲರ್ ಅಡಿಗೆ ಹಾಕ್ತಾರೆ, ನೋಡಿದೀಯಲ್ಲ ಪೇಪರ್ನಲ್ಲಿ? ನಾನೊಂದು ದಾರಿ ಮಾಡ್ತೀನಿ, ಬುಡು."

ದಾರಿ ಅಂದರೆ ಹೀಗೆ. ಡಬ್ಬದ ಹೊಟ್ಟೆಯನ್ನು ಕೊಯ್ದು, ಒಳಗೆ ತೂತುತೂತಿನ ಕೊಳವೆ ಕೂರಿಸಿ, ಅದರ ಸುತ್ತ ಬೆಂಕಿಗೆ ಜಗ್ಗದ ಗಾಜಿನ ಹತ್ತಿ ತುರುಕಿ, ಮತ್ತೆ ಮುಚ್ಚಿ ವೆಲ್ಡ್ ಮಾಡಿದರು. ಎಂಜಿನ್ನಿಗೂ ಅದಕ್ಕೂ ನಡುವೆ ಬರುವ ಪೈಪನ್ನು ಬೇರೆಬೇರೆ ಉದ್ದಕ್ಕೆ ಕತ್ತರಿಸಿ ಸಿಕ್ಕಿಸುತ್ತಾ ಹೋದರು. ಒಂದೊಂದು ಉದ್ದಕ್ಕೂ ಒಂದೊಂದು ದನಿ. ನಾನು ಹುಡುಗರಿಗೆ ಕೊಳವೆಯಲ್ಲಿ ಗಾಳಿ ಕಂಪಿಸುವುದನ್ನು ಬೋರ್ಡಿನ ಮೇಲೆ ಬರೆದು ತೋರಿಸಿದ್ದೆನೇ ಹೊರತು ಹೀಗೆ ಕಾಲಡಿಯಲ್ಲಿ ಕೇಳಿರಲಿಲ್ಲ. ರಾಜೇಶನನ್ನು ಕಾರಿನ ಹಿಂದೆ ನಿಲ್ಲಿಸಿ, ನನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಇಬ್ಬರನ್ನೂ ಬೇರೆಬೇರೆಯಾಗಿ ಕೇಳುತ್ತಿದ್ದರು.

"ಎಂಗಿದೆ?"

"ಸೂಪರ್!" ಎಂದು ಹೊರಗಿನಿಂದ ರಾಜೇಶ.

"ಹಲ್ಲು ಜುಮ್ಮೆನ್ನುತ್ತಿದೆ" ಎಂದು ಒಳಗಿನಿಂದ ನಾನು.

"ಅಂಗಾದ್ರೆ ಬ್ಯಾಡ" ಎಂದು ಪೈಪ್ ಕಳಚುತ್ತಿದ್ದರು. ಐದನೆಯದಕ್ಕೆ ಇಬ್ಬರೂ ಒಪ್ಪಿದೆವು. ಹೊರಗೆ ತುಂಬಿದ ಗಂಟಲಿನ ದನಿ, ಒಳಗೆ ಬರಿಯ ಗುಂಯ್ ಎನ್ನುವ ನಾದ. ಈ ಸೈಲೆನ್ಸರ್ ವಿದ್ವಾಂಸರಿಗೆ ನಾನು ಮನಸ್ಸಿನಲ್ಲೇ ನೂರಕ್ಕೆ ತೊಂಬತ್ತು ಕೊಟ್ಟೆ. ಉಳಿದ ಹತ್ತು, ಉತ್ತರ ಹೇಳದೆ ಸತಾಯಿಸಿದ್ದಕ್ಕೆ ಕಡಿತ.

ಉತ್ತರಕ್ಕಾಗಿ ಮರುದಿನ ಮತ್ತೆ ಹೋದೆ. ನೆಪಕ್ಕೆ ಒಂದು ಡಬ್ಬಿ ಕೋಡುಬಳೆ. ಆವತ್ತು ಇನ್ಯಾರದೋ ಕಾರನ್ನು ಜಾಕಿಯ ಮೇಲೆ ಏರಿಸಿ ನಿಲ್ಲಿಸಿದ್ದರು. ಹುಚ್ಚಣ್ಣನವರ ಹೆಂಡತಿ ಸುಂದರಮ್ಮ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸುತ್ತಿದ್ದರು. ಕಾರಿನ ಯಜಮಾನ ಭಕ್ತಿಯಿಂದ ಚಪ್ಪಲಿ ಬಿಟ್ಟು, ಹೊಗೆಯನ್ನು ಎರಡೂ ಕೈಯಲ್ಲಿ ಕಣ್ಣಿಗೊತ್ತಿಕೊಂಡ. ಹುಚ್ಚಣ್ಣನವರು ಸಿಟ್ಟಿನಿಂದ ಅವನ ಕೈ ಸರಿಸಿದರು. "ಪೂಜೆ ಅಲ್ಲ ಕಣ್ರೀ! ಸರ್ಕೊಳಿ, ಹೊಗೆ ಎಲ್ಲಿ ಬತ್ತದೆ ನೋಡ್ಬೇಕು ನಾನು."

ಸೈಲೆನ್ಸರಿನ ಬಾಯಿಗೆ ಒದ್ದೆ ಗೋಣಿ ತುರುಕಿ, ಮುಂದಿನಿಂದ ಸಣ್ಣ ಬ್ಲೋವರ್ ಇಟ್ಟು ಸಾಂಬ್ರಾಣಿ ಹೊಗೆ ಊದುವುದು. ಎಲ್ಲೆಲ್ಲಿ ಬೆಸುಗೆ ಬಿಟ್ಟಿದೆಯೋ ಅಲ್ಲೆಲ್ಲ ಬಿಳಿ ಎಳೆ ಹೊರಗೆ ಬರುತ್ತದೆ. ಅಲ್ಲಿಗೆ ಮತ್ತೆ ವೆಲ್ಡಿಂಗ್. ಕಡೆಗೆ ಮುಂದಿನ ಪೈಪಿನೊಳಗೆ ಒಂದು ಹಿಡಿ ಸಾಂಬ್ರಾಣಿ ಪುಡಿ ಹಾಕಿಯೇ ಬಿಗಿಯುವುದು.

"ಇದು ಯಾಕೆ?" ಎಂದೆ.

"ನೀವು ಟೀಚರಲ್ವ, ನೀವೇ ಹೇಳಿ. ಎಂಜಿನ್ ಹೊಗೇಲಿ ಕೊಲ್ಲೋದು ಯಾವುದು?"

"ಕಾರ್ಬನ್ ಮಾನಾಕ್ಸೈಡ್."

"ಅದಕ್ಕೆ ವಾಸ್ನೆ ಎಂಗಿರ್ತದೆ?"

"ವಾಸನೆ ಇಲ್ಲ. ಬಣ್ಣವೂ ಇಲ್ಲ, ರುಚಿಯೂ ಇಲ್ಲ" ಎಂದು ಪಾಠ ಒಪ್ಪಿಸಿದೆ.

"ಅದಕ್ಕೇ ನಾನು ವಾಸ್ನೆ ಕೊಡ್ತೀನಿ. ಪೈಪ್ ಕಾದ್ರೆ ಸಾಂಬ್ರಾಣಿ ಎರಡು ದಿನ ಹೊಗೆಯಾಡ್ತದೆ. ಹೊಸಾ ಕೆಲಸ ಏನಾದ್ರೂ ಬಿಟ್ಕೊಂಡ್ರೆ ಆ ಎರಡು ದಿನದಲ್ಲೇ ಬಿಟ್ಕೊಳ್ಳೋದು. ಕಾರೊಳಗೆ ಸಾಂಬ್ರಾಣಿ ವಾಸ್ನೆ ಬಂತೋ, ಗ್ಲಾಸ್ ಇಳಿಸಿ, ಗಾಡಿ ನಿಲ್ಲಿಸಿ, ನನಗೆ ಫೋನ್ ಮಾಡಿ. ಅಷ್ಟೇ."

ನಾನು ಬೆರಗಾದೆ. ಅಡುಗೆ ಗ್ಯಾಸಿಗೆ ವಾಸನೆ ಬೆರೆಸಿ ಕಳಿಸುವ ಉಪಾಯವನ್ನು ಈ ಮನುಷ್ಯ ತನ್ನ ತಗಡಿನ ಶೆಡ್ಡಿನಲ್ಲಿ ತಾನೇ ಕಂಡುಹಿಡಿದುಕೊಂಡಿದ್ದಾರೆ! ಆ ಸಂತೋಷದಲ್ಲಿ ಕೋಡುಬಳೆ ಡಬ್ಬಿ ಮುಂದಿಟ್ಟು, ಹಿಂದಿನ ಸೀಟಿನ ಪ್ರಶ್ನೆ ಯಾಕೆಂದು ನೇರವಾಗಿ ಕೇಳಿದೆ.

ಅವರು ಒಂದು ಕೋಡುಬಳೆ ಪೂರ್ತಿ ಮುಗಿಸಿದರು. ಆಮೇಲೆ ನಿಧಾನವಾಗಿ ಹೇಳಿದರು. ತಿ. ನರಸೀಪುರದ ಕಡೆಯ ಹಳ್ಳಿಯಿಂದ ಬಂದವರು. ಹೂಟಗಳ್ಳಿಯ ಕಾರ್ಖಾನೆಯಲ್ಲಿ ಪೈಪ್ ವೆಲ್ಡಿಂಗ್ ಮಾಡುತ್ತಿದ್ದ ಕಾಲದಲ್ಲಿ ಅವರ ತಾಯಿ ಬೀರಮ್ಮನಿಗೆ ಜ್ವರ ಹತ್ತಿತು. ಊರಿಂದ ವ್ಯಾನು ಮಾಡಿಕೊಂಡು ಮೈಸೂರಿನ ಆಸ್ಪತ್ರೆಗೆ ಹೊರಟರು. ಮಳೆಗಾಲ, ಶೀತ ಆದೀತೆಂದು ಗಾಜೆಲ್ಲ ಏರಿಸಿ ಹಿಂದಿನ ಸೀಟಿನಲ್ಲಿ ಮಲಗಿಸಿದ್ದರು. ಮುಂದೆ ಕೂತ ಇವರು ಅವ್ವ ನಿದ್ದೆ ಮಾಡುತ್ತಿದ್ದಾಳೆ ಎಂದುಕೊಂಡರು. ಆಸ್ಪತ್ರೆಯ ಬಾಗಿಲಲ್ಲಿ ಎಬ್ಬಿಸಿದರೆ ಏಳಲಿಲ್ಲ.

"ಡಾಕ್ಟ್ರು ಜ್ವರ ತಲೆಗೇರಿತ್ತು ಅಂದ್ರು. ಇರಬೌದು. ಆರು ತಿಂಗಳಾದ್ಮೇಲೆ ಅದೇ ವ್ಯಾನ್ನೋನು ಸೈಲೆನ್ಸರ್ ಬೆಸುಗೆ ಹಾಕ್ಕೊಡಿ ಅಂತ ನನ್ನತ್ರಾನೇ ಬಂದ. ಅಡೀಗೆ ಮಲ್ಕೊಂಡು ನೋಡ್ತೀನಿ, ಪೈಪು ತೂತು. ಸರಿಯಾಗಿ ಅವ್ವ ಮಲಗಿದ್ದ ಜಾಗದ ಕೆಳಗೆ. ನೆಲದ ತಗಡಲ್ಲೂ ಒಂದು ತೂತು." ಕೈಯ ಎಣ್ಣೆ ಒರೆಸಿಕೊಂಡರು. "ಜ್ವರವೋ ಹೊಗೆಯೋ ನಂಗೊತ್ತಿಲ್ಲ ಮೇಡಮ್ನೋರೆ. ಗೊತ್ತಾಗೋದೂ ಇಲ್ಲ. ಅದಕ್ಕೇ ಕೇಳ್ತೀನಿ ಯಾರು ಕೂತ್ಕತಾರೆ ಅಂತ."

ನಾನು ಕೋಡುಬಳೆ ಡಬ್ಬಿಯನ್ನು ಅವರ ಕಡೆಗೆ ಇನ್ನಷ್ಟು ಸರಿಸಿದೆ.

ಶೆಡ್ಡಿನಲ್ಲೇ ಬಿಟ್ಟಿದ್ದ ನಮ್ಮ ಕಾರಿನ ಕೆಲಸದಲ್ಲಿ ಒಂದೇ ಒಂದು ಕೀಲು ಬಾಕಿ ಇತ್ತು. ದನಿ ಕೇಳಿಸುವಾಗ ಪೈಪುಗಳನ್ನು ಸುಮ್ಮನೆ ಜೋಡಿಸಿ ಬೋಲ್ಟ್ ಬಿಗಿದಿದ್ದರು. ಕೊನೆಗೆ ಬಿಚ್ಚಿ, ಎರಡು ಪೈಪಿನ ಬಾಯಿಗಳ ನಡುವೆ ಹೊಗೆ ಸೋರದಂತೆ ತಾಮ್ರದ ಬಳೆಯಂಥ ಗ್ಯಾಸ್ಕೆಟ್ ಕೂರಿಸಿ, ಮತ್ತೆ ಬಿಗಿಯಬೇಕು. ಅಷ್ಟರಲ್ಲಿ ಆಯುಧಪೂಜೆ ಬಂತು. ಪೂಜೆಗೆ ಕಾರು ಮನೆ ಮುಂದೆ ಇರಲೇಬೇಕು ಎಂದು ರಾಜೇಶನ ಹಟ. ವಿಜಯದಶಮಿಯ ಬೆಳಿಗ್ಗೆ, ಜಂಬೂಸವಾರಿಯ ಜನ ಸೇರುವುದಕ್ಕೆ ಮೊದಲೇ, ಗುಂಡ್ಲುಪೇಟೆಯಲ್ಲಿರುವ ಭವ್ಯಶ್ರೀಯ ತವರಿಗೆ ಹೊರಡುವುದೆಂದು ಗೊತ್ತಾಗಿತ್ತು. ಆಯುಧಪೂಜೆಯ ಬೆಳಿಗ್ಗೆ ಎಂಟಕ್ಕೇ ಅವನು ಶೆಡ್ಡಿನ ಮುಂದೆ ಹೋಗಿ ನಿಂತ.

ಅಲ್ಲಿ ನಡೆದದ್ದು ನನಗೆ ತಿಳಿದದ್ದು ಆಮೇಲೆ. ಆದರೂ ಇಲ್ಲೇ ಹೇಳಿಬಿಡುತ್ತೇನೆ. ಹುಚ್ಚಣ್ಣನವರದು ಒಂದು ಪದ್ಧತಿ: ಒಂದು ಕಾರಿಗೆ ಬೇಕಾದ ಸಾಮಾನೆಲ್ಲ ಬೆಂಚಿನ ಮೇಲೆ ಸಾಲಾಗಿ ಜೋಡಿಸುವುದು, ಒಂದೊಂದೇ ತೆಗೆದು ಹಾಕುವುದು. ಬೆಂಚು ಖಾಲಿಯಾದರೆ ಕೆಲಸ ಮುಗಿದ ಹಾಗೆ. ಇಪ್ಪತ್ತು ವರ್ಷದಲ್ಲಿ ಬೆಂಚು ಅವರಿಗೆ ಸುಳ್ಳು ಹೇಳಿರಲಿಲ್ಲ. ಆ ಬೆಳಿಗ್ಗೆ ಸುಂದರಮ್ಮ ಶೆಡ್ಡು ತೊಳೆದು, ಬೆಂಚು ಒರೆಸಿ, ಹತಾರಗಳನ್ನೆಲ್ಲ ಮಣೆಯ ಮೇಲೆ ಪೂಜೆಗೆ ಇಟ್ಟರು. ಬೆಂಚಿನ ಮೇಲೆ ಹೊಳೆಯುತ್ತಿದ್ದ ತಾಮ್ರದ ಬಳೆಯೂ ಕಣ್ಣಿಗೆ ಬಿತ್ತು. ಹೊಸಾದು, ಲಕ್ಷಣವಾಗಿದೆ ಎಂದು ಅದಕ್ಕೂ ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು, ಸ್ಪ್ಯಾನರುಗಳ ನಡುವೆ ಕೂರಿಸಿದರು.

ಬೆಂಚು ಖಾಲಿ. ಹಿಂದಿನ ಸಂಜೆ ಸಾಂಬ್ರಾಣಿ ಪುಡಿ ಹಾಕಿ ಬಿಗಿದಾಗಲೇ ಗ್ಯಾಸ್ಕೆಟ್ಟೂ ಕೂರಿಸಿದೆ ಎಂದುಕೊಂಡ ಹುಚ್ಚಣ್ಣನವರು ಹೊರಗೆ ಉಳಿದಿದ್ದ ಒಂದೇ ಸ್ಪ್ಯಾನರಿನಲ್ಲಿ ಬೋಲ್ಟು ಇನ್ನೊಮ್ಮೆ ಬಿಗಿದರು. ಹೊಗೆ ಊದಿಯೂ ನೋಡಿದರು. ಆದರೆ ಅಕ್ಕಪಕ್ಕದ ಗ್ಯಾರೇಜುಗಳಲ್ಲಿ ಆಗಲೇ ಪೂಜೆ ಶುರುವಾಗಿ ಆ ರಸ್ತೆಯೆಲ್ಲ ಸಾಂಬ್ರಾಣಿ ಮೋಡ. ಯಾವ ಹೊಗೆ ಪೈಪಿನದು, ಯಾವುದು ದೇವರದು? ನಾಳೆ ಬೆಳಿಗ್ಗೆಯೇ ಗುಂಡ್ಲುಪೇಟೆಗೆ ಹೊರಡಬೇಕು ಎನ್ನುತ್ತಾ ರಾಜೇಶ ಬೇರೆ ಗಡಿಯಾರ ನೋಡಿಕೊಂಡು ನಿಂತಿದ್ದ. ಕಾರು ಮನೆಗೆ ಬಂತು, ಚೆಂಡುಹೂವಿನ ಹಾರ ಹಾಕಿಸಿಕೊಂಡು ನಿಂಬೆಹಣ್ಣಿನ ಮೇಲೆ ಹರಿಯಿತು. ತೇಜು ಚಪ್ಪಾಳೆ ತಟ್ಟಿದಳು.

ಮರುದಿನ ಏಳು ಗಂಟೆಗೆ ಹೊರಟೆವು. ತುಂತುರು ಮಳೆ, ಗಾಜು ಏರಿಸಿ ಏಸಿ ಹಾಕಿದ್ದ ರಾಜೇಶ. ನಂಜನಗೂಡು ರಸ್ತೆಗೆ ಬೀಳುವಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಘಮ್ಮೆಂದು ಸಾಂಬ್ರಾಣಿ. ನಾನೇನು ಮಾಡಿದೆ ಗೊತ್ತೇ? ಮೂಗರಳಿಸಿ ಎಳೆದುಕೊಂಡೆ. "ನೋಡೇ ಭವ್ಯಾ, ಹಬ್ಬದ ವಾಸನೆ ಇನ್ನೂ ಹೋಗಿಲ್ಲ" ಎಂದೆ. ಅವಳು ಮುಂದಿನಿಂದಲೇ "ಹೌದಾ ಅತ್ತೆ, ನನಗೆ ಗೊತ್ತಾಗ್ತಿಲ್ಲ" ಎಂದಳು. ತೇಜು ಮಡಿಲಲ್ಲಿ ಎಂದೂ ಇಲ್ಲದ ಹಾಗೆ ಬೇಗ ನಿದ್ದೆಹೋದಳು. ಹೊಸ ಪೈಪಿನ ಗುಂಯ್ ನಾದ ಜೋಗುಳವಾಯಿತು ಎಂದು ಹಿಗ್ಗಿದೆ. ನನಗೆ ತಲೆ ಸಿಡಿಯುತ್ತಿತ್ತು, ಅವಸರದಲ್ಲಿ ಕಾಫಿ ಬಿಟ್ಟದ್ದಕ್ಕೆ ಎಂದು ಸಮಾಧಾನ ಮಾಡಿಕೊಂಡೆ. ಎಲ್ಲಕ್ಕೂ ನನ್ನ ಹತ್ತಿರ ಒಂದೊಂದು ಕಾರಣ ಇತ್ತು.

ಕಡಕೊಳ ದಾಟಿದ ಮೇಲೆ ಭವ್ಯಶ್ರೀ ಹಿಂದಕ್ಕೆ ತಿರುಗಿ ಹೇಳಿದಳು. "ಪೂಜೇಲಿ ನಾವು ಸಾಂಬ್ರಾಣಿ ಹಾಕಲೇ ಇಲ್ವಲ್ಲ ಅತ್ತೆ. ತೇಜುಗೆ ಕೆಮ್ಮು ಅಂತ ನೀವೇ ಬೇಡ ಅಂದ್ರಿ. ಬರೀ ಊದಿನಕಡ್ಡಿ ಹಚ್ಚಿದ್ದು."

ಹೌದು. ನಾನೇ ಬೇಡ ಅಂದಿದ್ದೆ. ಹಾಗಾದರೆ ಈ ಸಾಂಬ್ರಾಣಿ ಎಲ್ಲಿಂದ ಬಂತು?

ಉತ್ತರ ನನ್ನ ಕಾಲಡಿಯಲ್ಲೇ ಇತ್ತು, ಪೈಪಿನಲ್ಲಿ. "ನಿಲ್ಲಿಸೋ ರಾಜೇಶ! ನಿಲ್ಲಿಸು!" ಎಂದು ಕಿರುಚಿದೆ. ಅವನು ಬದಿಗೆ ತರುವ ಮೊದಲೇ ಬಾಗಿಲು ತೆಗೆದೆ. ಇಳಿಯಲು ಹೋದರೆ ಕಾಲು ನಿಲ್ಲಲಿಲ್ಲ. ಭವ್ಯಶ್ರೀ ಓಡಿಬಂದು ಮಗುವನ್ನು ಕಿತ್ತುಕೊಂಡಳು. ತೇಜುವಿನ ಕತ್ತು ಹಿಂದಕ್ಕೆ ಜೋಲಿತು. ಕರೆದರು, ಕೆನ್ನೆ ತಟ್ಟಿದರು, ಏಳಲಿಲ್ಲ. ಹುಣಸೆಮರದ ಕೆಳಗೆ ಮಳೆಹನಿಗೆ ಅವಳ ಮುಖ ಒಡ್ಡಿ ಅಂಗಾಲು ಉಜ್ಜಿದರು. ನಾನು ಕೆಸರಿನಲ್ಲಿ ಕೂತು ನೋಡುತ್ತಿದ್ದೆ. ವಾಸನೆ ಇಲ್ಲ, ಬಣ್ಣ ಇಲ್ಲ, ರುಚಿ ಇಲ್ಲ. ಮೂವತ್ತೊಂದು ವರ್ಷ ಬೋರ್ಡಿನ ಮೇಲೆ ಬರೆದವಳು ವಾಸನೆ ಕೊಟ್ಟು ಎಚ್ಚರಿಸಿದರೂ ತಿಳಿಯದೆ ಕೂತಿದ್ದೆ. ನನ್ನ ಮೇಲೆ ನನಗೆ ಅಷ್ಟು ಅಸಹ್ಯ ಯಾವತ್ತೂ ಆಗಿಲ್ಲ.

ಎಷ್ಟು ಹೊತ್ತೋ, ನನಗೆ ಲೆಕ್ಕ ಸಿಗಲಿಲ್ಲ. ತೇಜು ಒಮ್ಮೆ ವಾಂತಿ ಮಾಡಿದಳು. ಆಮೇಲೆ ಅತ್ತಳು. ಊರು ಒಂದಾಗುವ ಹಾಗೆ ಅತ್ತಳು. ನಾನೂ ಅತ್ತೆ.

ರಾಜೇಶ ನಂಜನಗೂಡಿನ ಆಸ್ಪತ್ರೆಗೆ ಹೋಗಲು ಆಂಬುಲೆನ್ಸಿಗೆ ಫೋನ್ ತೆಗೆದ. ಮಗು ಮಲಗಲೆಂದು ಸದ್ದಡಗಿಸಿದ್ದ ಆ ಫೋನಿನಲ್ಲಿ ಹನ್ನೆರಡು ಮಿಸ್ಡ್ ಕಾಲ್, ಎಲ್ಲವೂ ಒಂದೇ ನಂಬರಿನಿಂದ. ಅವನು ಆಂಬುಲೆನ್ಸಿನವರಿಗೆ ಜಾಗ ಹೇಳಿ ಮುಗಿಸುವ ಹೊತ್ತಿಗೆ ಮೈಸೂರಿನ ಕಡೆಯಿಂದ ಒಂದು ಟಿವಿಎಸ್ ಬಂತು. ಹುಚ್ಚಣ್ಣನವರು ಗಾಡಿಗೆ ಸ್ಟ್ಯಾಂಡನ್ನೂ ಹಾಕದೆ ಬಿಟ್ಟು ನೇರವಾಗಿ ಕಾರಿನ ಹಿಂದಿನ ಸೀಟಿಗೆ ಇಣುಕಿದರು. ಸೀಟು ಖಾಲಿ. ಅಲ್ಲೇ ರಸ್ತೆಯ ಮೇಲೆ ಕುಸಿದು ಕೂತರು. ಮರದ ಕೆಳಗೆ ಅಳುವ ಸದ್ದು ಅವರಿಗೆ ಕೇಳಿಸಿದ್ದು ಆಮೇಲೆ.

ಬೆಳಿಗ್ಗೆ ಪೂಜೆ ಕದಲಿಸಿ ಹತಾರ ಎತ್ತುವಾಗ ಸಿಕ್ಕಿದ್ದಂತೆ. ಅಂಗಿಯ ಜೇಬಿನಿಂದ ಆ ತಾಮ್ರದ ಬಳೆ ತೆಗೆದು ಅಂಗೈಯಲ್ಲಿಟ್ಟು ಚಾಚಿದರು. ಅದರ ಮೇಲೆ ಕುಂಕುಮ ಇನ್ನೂ ಇತ್ತು. ರಾಜೇಶ ಮುಷ್ಟಿ ಬಿಗಿದು ಮುಂದೆ ಬಂದ.

"ಹೊಡೀಲಿ ಬುಡಿ" ಎಂದರು ಹುಚ್ಚಣ್ಣನವರು. "ನಂದೇ ತಪ್ಪು. ಬೆಂಚು ನೋಡ್ಬುಟ್ಟು ನಂಬ್ಕೊಂಡೆ."

"ಸುಮ್ಮನಿರೋ ರಾಜೇಶ" ಎಂದೆ. "ಎಂಟು ಗಂಟೆಗೆ ಹೋಗಿ ಅವರ ತಲೆಮೇಲೆ ನಿಂತವನು ನೀನು. ಅವರು ನನಗೆ ಬಾಯಿಬಿಟ್ಟು ಹೇಳಿದ್ದರು, ಸಾಂಬ್ರಾಣಿ ವಾಸನೆ ಬಂದರೆ ಗ್ಲಾಸ್ ಇಳಿಸಿ ಅಂತ. ಇಪ್ಪತ್ತೈದು ನಿಮಿಷ ಮೂಸಿಕೊಂಡು ಕೂತವಳು ನಾನು. ಹೊಡೆಯುವುದಾದರೆ ನನ್ನಿಂದ ಶುರುಮಾಡು."

ಆಸ್ಪತ್ರೆಯಲ್ಲಿ ತೇಜುವಿಗೂ ನನಗೂ ಸಂಜೆಯವರೆಗೆ ಆಮ್ಲಜನಕ ಕೊಟ್ಟು, ಎರಡು ದಿನ ಇಟ್ಟುಕೊಂಡು ಕಳಿಸಿದರು. ಹುಚ್ಚಣ್ಣನವರು ಎರಡೂ ದಿನ ಹೊರಗಿನ ಬೆಂಚಿನಲ್ಲಿ ಕೂತಿದ್ದರು. ಮಗು ಎದ್ದಿದ್ದಾಳಾ ಎಂದು ನರ್ಸ್‌ಗಳನ್ನು ಕೇಳಿ ಕೇಳಿ ಬೈಸಿಕೊಂಡರು.

ಹದಿನೈದು ದಿನ ಕಾರು ಶೆಡ್ಡಿನಲ್ಲೇ ನಿಂತಿತ್ತು. ಬೇರೆ ಕಡೆ ಕೊಡೋಣ ಎಂದ ರಾಜೇಶ. ನಾನು ಒಪ್ಪಲಿಲ್ಲ. ಇನ್ನು ಜನ್ಮದಲ್ಲಿ ಈ ತಪ್ಪು ಮಾಡಲಾರದ ಮನುಷ್ಯ ಮೈಸೂರಿನಲ್ಲಿ ಒಬ್ಬರೇ ಇದ್ದಾರೆ, ಅವರನ್ನು ಬಿಟ್ಟು ಯಾರ ಹತ್ತಿರ ಹೋಗುವುದು?

ಕೆಲಸ ಮುಗಿಯಿತೆಂದು ಫೋನ್ ಬಂದಾಗ ನಾನೊಬ್ಬಳೇ ಹೋದೆ. ಗ್ಯಾಸ್ಕೆಟ್ ಕೂತಿತ್ತು. ಕಾರಿನ ನೆಲದ ತಗಡಿನಲ್ಲಿ ರಬ್ಬರು ಬಿದ್ದುಹೋಗಿದ್ದ ತೂತನ್ನೂ ಹುಡುಕಿ ಮುಚ್ಚಿದ್ದರು. ಗೋಡೆಯ ಮೇಲೆ ಹೊಸದಾಗಿ ದಪ್ಪಕ್ಷರದಲ್ಲಿ ಬರೆದಿತ್ತು: 'ಆಯುಧಪೂಜೆ ಹಿಂದಿನ ದಿನ, ಆ ದಿನ ಕೆಲಸ ಇಲ್ಲ.' ಸುಂದರಮ್ಮ ಬೆಂಚಿನ ಹತ್ತಿರವೂ ಸುಳಿಯುವುದಿಲ್ಲವಂತೆ. ಒಲೆಯ ಮೇಲೆ ಕೆಂಡ ಇತ್ತು, ಪಕ್ಕದಲ್ಲಿ ಸಾಂಬ್ರಾಣಿ ಇರಲಿಲ್ಲ. ಒಂದು ತಟ್ಟೆ ತುಂಬ ಬ್ಯಾಡಗಿ ಅಲ್ಲದ, ಒಳ್ಳೆ ಖಾರದ ಗುಂಟೂರು ಮೆಣಸಿನಕಾಯಿ.

"ಇದೇನು ಹುಚ್ಚಣ್ಣನವರೇ?"

"ದೇವರ ವಾಸ್ನೆ ಬ್ಯಾಡ ಕಣಮ್ಮ. ಜನ ಕಣ್ಮುಚ್ಚಿ ಕೈ ಮುಗೀತಾರೆ. ಇದಾದ್ರೆ ಕೆಮ್ಮಿ ಗ್ಲಾಸ್ ಇಳಿಸ್ತಾರೆ." ಕುಟ್ಟಿಟ್ಟಿದ್ದ ಒಂದು ಹಿಡಿ ಮೆಣಸಿನಪುಡಿಯನ್ನು ಪೈಪಿನೊಳಗೆ ಸುರಿದು ಕೀಲು ಬಿಗಿದರು. ಎಂಜಿನ್ ಶುರುಮಾಡಿ, ನಾಲ್ಕು ಗಾಜನ್ನೂ ಏರಿಸಿ, ತಾವೇ ಹಿಂದಿನ ಬಾಗಿಲು ತೆಗೆದು ಹತ್ತಲು ಹೋದರು.

"ಇಳೀರಿ" ಎಂದೆ. "ಅಲ್ಲಿ ಕೂರುವವಳು ನಾನು."

ಅವರು ಬೇಡವೆಂದು ತಲೆಯಾಡಿಸಿದರು. ನಾನು ಮೇಷ್ಟ್ರ ಕಣ್ಣು ಬಿಟ್ಟೆ, ಸರಿದರು. ಒಳಗೆ ಕೂತೆ. ಹೊರಗೆ ಸೈಲೆನ್ಸರಿನ ಬಾಯಿಯಿಂದ ಬಂದ ಘಾಟಿಗೆ ಸುಂದರಮ್ಮ ಸೆರಗು ಮುಚ್ಚಿಕೊಂಡು ಓಡಿದರು, ಪಕ್ಕದ ಗ್ಯಾರೇಜಿನವರು ಬೈಯುತ್ತಾ ಹೊರಬಂದರು. ಹುಚ್ಚಣ್ಣನವರು ಮಾತ್ರ ಕದಲಲಿಲ್ಲ. ಕಣ್ಣುಮೂಗಲ್ಲಿ ನೀರು ಸುರಿಯುತ್ತಿದ್ದರೂ ಗಾಜಿಗೆ ಮುಖವೊತ್ತಿ ನನ್ನನ್ನೇ ನೋಡುತ್ತಾ ನಿಂತಿದ್ದರು. ಒಂದು ನಿಮಿಷಕ್ಕೊಮ್ಮೆ ಗಾಜು ಬಡಿದು, "ನಿದ್ದೆ ಬತ್ತಾ ಇಲ್ಲ ತಾನೆ?" ಎಂದು ಕೇಳುತ್ತಿದ್ದರು. ಇಲ್ಲ ಎಂದು ನಾನು ಪ್ರತಿ ಸಲ ಕೈಯೆತ್ತಿ ತೋರಿಸಿದೆ. ಹತ್ತು ನಿಮಿಷ ಕೂತೆ. ಒಂದು ಸಲವೂ ಕೆಮ್ಮಲಿಲ್ಲ.